ಟೇಬಲ್ ಸ್ಕ್ರಾಲ್ ಆದರೂ ತಲೆಸಾಲು ಕಣ್ಮುಂದೆ ಇರಬೇಕು: ಪದೇ ಪದೇ ಕೇಳುವ ಪ್ರಶ್ನೆಗಳು

ಹಿಂಜವಡಿಯಲ್ಲಿ ಕೆಲಸ ಮಾಡುವ ಗೆಳೆಯರು, ಠಾಣೆಯಲ್ಲಿ ಸ್ವಂತಕ್ಕೆ ಬಿಲ್ಲಿಂಗ್ ಆ್ಯಪ್ ಕಟ್ಟುವವರು, ಮಾಟುಂಗದ ಹೋಟೆಲ್ಲಿನ ಲೆಕ್ಕ ಬರೆಯುವ ನಮ್ಮೂರಿನ ಹುಡುಗರು ಫೋನಲ್ಲೋ ಮೆಸೇಜಲ್ಲೋ ಕೇಳಿದ ಪ್ರಶ್ನೆಗಳನ್ನು ಒಂದೇ ಕಡೆ ಹಾಕಿದ್ದೇನೆ. ಪ್ರಶ್ನೆಗಳು ಅವರದೇ ಮಾತಿನಲ್ಲಿವೆ. ತಲೆಸಾಲು ಅಂದರೆ ಟೇಬಲ್ಲಿನಲ್ಲಿ ಕಾಲಂ ಹೆಸರುಗಳಿರುವ ಮೇಲಿನ ಸಾಲು.

ಈ ವಿಷಯ ನನಗೆ ಯಾಕೆ ಇಷ್ಟು ಮುಖ್ಯ ಅಂತ ಮೊದಲೇ ಹೇಳಿಬಿಡುತ್ತೇನೆ. ಡೊಂಬಿವಲಿಯಲ್ಲಿ ನಮ್ಮ ಹೌಸಿಂಗ್ ಸೊಸೈಟಿಗೆ ಎರಡು ವರ್ಷ ನಾನೇ ಖಜಾಂಚಿ. ಆಗ ಬಳಸುತ್ತಿದ್ದ ವೆಬ್ ಆ್ಯಪಿನಲ್ಲಿ ಹದಿನೈದು ಫ್ಲಾಟು ದಾಟಿದರೆ ಕಾಲಂ ಹೆಸರುಗಳೆಲ್ಲ ಮೇಲೆ ಹೋಗಿಬಿಡುತ್ತಿದ್ದವು. ಮೂರು ಮನೆಯವರ ಪಾರ್ಕಿಂಗ್ ದುಡ್ಡನ್ನು ನಾನು ರಿಪೇರಿ ಫಂಡಿನ ಕಾಲಂಗೆ ಬರೆದೆ. ಆಡಿಟ್ ಬರುವವರೆಗೂ ಅದು ಯಾರಿಗೂ ಗೊತ್ತಾಗಲಿಲ್ಲ.

ಇನ್ನೊಂದು ಮಾತು. ಕೋಡಿನ ಹೆಸರುಗಳನ್ನು ನಾವು ಬಾಯಲ್ಲಿ ಹೇಳುವ ಹಾಗೆ ಕನ್ನಡ ಲಿಪಿಯಲ್ಲೇ ಬರೆದಿದ್ದೇನೆ. ಎಡಿಟರಿನಲ್ಲಿ ಮಾಮೂಲಿನಂತೆ ಇಂಗ್ಲಿಷಿನಲ್ಲೇ ಟೈಪ್ ಮಾಡಿ.

## ಶುರುವಿನ ಪ್ರಶ್ನೆಗಳು

ತಲೆಸಾಲು ಮೇಲೆ ಹೋದ್ರೆ ಅಂಥಾ ನಷ್ಟ ಏನು? ಮತ್ತೆ ಮೇಲೆ ಹೋಗಿ ನೋಡಿದ್ರಾಯ್ತಲ್ವಾ?

ಹೆಸರು ಮತ್ತು ಫೋನ್ ನಂಬರ್ ಇರುವ ಟೇಬಲ್ ಆದರೆ ನಷ್ಟವಿಲ್ಲ, ನೋಡಿದ ಕೂಡಲೇ ಯಾವುದು ಏನು ಅಂತ ತಿಳಿಯುತ್ತದೆ. ತೊಂದರೆ ಇರುವುದು ಅಂಕಿಗಳಲ್ಲಿ. ಹೋಟೆಲ್ ಬಿಲ್ಲಿನ ಪಟ್ಟಿ ತೆಗೆದುಕೊಳ್ಳಿ. 5 ಶೇಕಡಾ ಜಿಎಸ್‌ಟಿ ಅಂದರೆ 2.5 ಸಿಜಿಎಸ್‌ಟಿ (ಕೇಂದ್ರದ ಪಾಲು), 2.5 ಎಸ್‌ಜಿಎಸ್‌ಟಿ (ರಾಜ್ಯದ ಪಾಲು). ಎರಡು ಕಾಲಂನಲ್ಲೂ ಪ್ರತಿ ಸಾಲಿಗೂ ಒಂದೇ ಅಂಕಿ. ಹೆಸರು ಕಾಣದಿದ್ದರೆ ಯಾವುದು ಯಾವುದು ಅಂತ ಬ್ರಹ್ಮನಿಗೂ ಹೇಳಲಾಗದು. ಮೇಲೆ ಹೋಗಿ ನೋಡಿ ಬರುವಷ್ಟರಲ್ಲಿ ಯಾವ ಸಾಲಿನಲ್ಲಿದ್ದೆವು ಅನ್ನುವುದು ಮರೆತಿರುತ್ತದೆ, ದಿನಕ್ಕೆ ನೂರು ಸಲ ಹಾಗೆ ಮಾಡುವವರು ಕೊನೆಗೆ ನೋಡುವುದನ್ನೇ ಬಿಟ್ಟು ಅಂದಾಜಿನಲ್ಲಿ ಬರೆಯುತ್ತಾರೆ. ನಾನು ಮಾಡಿದ್ದೂ ಅದನ್ನೇ.

ಎಕ್ಸೆಲ್ಲಲ್ಲಿ ಫ್ರೀಜ್ ಪೇನ್ಸ್ ಒತ್ತಿದ್ರೆ ಮುಗೀತು. ವೆಬ್ಬಲ್ಲಿ ಯಾಕೆ ಇಷ್ಟು ರಗಳೆ?

ಎಕ್ಸೆಲ್ಲಿನಲ್ಲಿ ಸ್ಕ್ರಾಲ್ ಆಗುವ ಜಾಗ ಒಂದೇ. ವೆಬ್ ಪುಟದಲ್ಲಿ ಪುಟವೂ ಸ್ಕ್ರಾಲ್ ಆಗಬಹುದು, ಅದರೊಳಗಿನ ಡಬ್ಬಿಯೂ (ಡಿವ್‌ನಂಥ ಅಂಶ) ಆಗಬಹುದು, ಡಬ್ಬಿಯೊಳಗಿನ ಡಬ್ಬಿಯೂ ಆಗಬಹುದು. ಎರಡನೆಯ ತೊಂದರೆ ಅಗಲದ್ದು. ಎಚ್‌ಟಿಎಂಎಲ್ ಟೇಬಲ್ ತನ್ನ ಕಾಲಂಗಳ ಅಗಲವನ್ನು ತಲೆಸಾಲು ಮತ್ತು ಉಳಿದೆಲ್ಲ ಸಾಲುಗಳನ್ನು ಒಟ್ಟಿಗೆ ನೋಡಿ ತೀರ್ಮಾನ ಮಾಡುತ್ತದೆ. ತಲೆಸಾಲನ್ನು ಹೊರಗೆ ಕಿತ್ತಿಟ್ಟರೆ ಆ ನಂಟು ಹೋಗುತ್ತದೆ, ಹೆಸರು ಒಂದು ಕಡೆ ಅಂಕಿ ಇನ್ನೊಂದು ಕಡೆ ನಿಲ್ಲುತ್ತದೆ. ತುಂಬಾ ವರ್ಷ ಎಲ್ಲರೂ ಒದ್ದಾಡಿದ್ದು ಇದಕ್ಕೇ. ಎರಡು ಟೇಬಲ್ ಮಾಡಿ ಜೋಡಿಸುವುದು, ತಲೆಸಾಲಿನ ನಕಲು ಮಾಡಿ ಮೇಲೆ ತೇಲಿಸುವುದು, ಸ್ಕ್ರಾಲ್ ಆದಾಗಲೆಲ್ಲ ಜಾವಾಸ್ಕ್ರಿಪ್ಟಿನಿಂದ ಅದನ್ನು ಕೆಳಗೆ ತಳ್ಳುವುದು, ಹೀಗೆ ಏನೇನೋ.

ಅತಿ ಸುಲಭದ ದಾರಿ ಯಾವುದು? ಎರಡು ಸಾಲಲ್ಲಿ ಹೇಳಿ.

ಟಿಹೆಡ್‌ಗೆ (ತಲೆಸಾಲನ್ನು ಹಿಡಿದಿರುವ ಟ್ಯಾಗ್) ಈ ಸಿಎಸ್‌ಎಸ್ ಹಾಕಿ:

`ಪೊಸಿಷನ್: ಸ್ಟಿಕಿ; ಟಾಪ್: 0;`

ಟಿಹೆಡ್ ಒಳಗಿನ ಟಿಎಚ್‌ಗೆ (ಕಾಲಂ ಹೆಸರಿರುವ ಕೋಣೆ, ಅಂದರೆ ಸೆಲ್) ಇದು:

`ಬ್ಯಾಕ್‌ಗ್ರೌಂಡ್: ವೈಟ್;`

ಅಷ್ಟೇ. ಜಾವಾಸ್ಕ್ರಿಪ್ಟ್ ಬೇಡ, ಲೈಬ್ರರಿ ಬೇಡ. ಟಾಪ್ ಬರೆಯುವುದನ್ನು ಮಾತ್ರ ಮರೆಯಬೇಡಿ. ಎಲ್ಲಿ ಅಂಟಬೇಕು ಅಂತ ಹೇಳದೆ ಬರೀ ಸ್ಟಿಕಿ ಅಂದರೆ ಬ್ರೌಸರ್ ಏನೂ ಮಾಡುವುದಿಲ್ಲ, ತಪ್ಪು ಅಂತಲೂ ತೋರಿಸುವುದಿಲ್ಲ.

ಸ್ಟಿಕಿಗೂ ಫಿಕ್ಸೆಡ್‌ಗೂ ವ್ಯತ್ಯಾಸ ಏನು? ಎರಡೂ ಅಂಟ್ಕೊಳ್ಳೋದೇ ಅಲ್ವಾ?

ಫಿಕ್ಸೆಡ್ ಅಂದರೆ ಪುಟದ ಹರಿವಿನಿಂದ ಪೂರ್ತಿ ಹೊರಗೆ ಬಂದು ಪರದೆಗೆ ಅಂಟಿದ್ದು. ಅದರ ಜಾಗ ಖಾಲಿಯಾಗುತ್ತದೆ, ಕೆಳಗಿನ ಸಾಲು ಮೇಲೆ ಸರಿಯುತ್ತದೆ, ಕಾಲಂ ಅಗಲ ಕೆಡುತ್ತದೆ. ಟೇಬಲ್ ಮುಗಿದು ಹೋದರೂ ಅದು ಅಲ್ಲೇ ನಿಂತಿರುತ್ತದೆ. ಸ್ಟಿಕಿ ತನ್ನ ಜಾಗ ಬಿಡುವುದಿಲ್ಲ. ಟೇಬಲ್ ಕಾಣುವವರೆಗೆ ಮೇಲೆ ನಿಂತಿದ್ದು, ಟೇಬಲ್ ಮುಗಿದಾಗ ಅದರ ಜೊತೆಗೇ ಹೊರಟುಹೋಗುತ್ತದೆ. ಒಂದೇ ಪುಟದಲ್ಲಿ ನಾಲ್ಕು ಟೇಬಲ್ ಇದ್ದರೂ ಪ್ರತಿಯೊಂದರ ತಲೆಸಾಲು ತನ್ನ ಸರದಿಯಲ್ಲಿ ಬಂದು ಹೋಗುತ್ತದೆ.

ಟಿಹೆಡ್‌ಗೆ ಹಾಕ್ಬೇಕಾ, ಪ್ರತಿ ಟಿಎಚ್‌ಗೂ ಹಾಕ್ಬೇಕಾ? ಒಬ್ಬೊಬ್ಬರು ಒಂದೊಂದು ಹೇಳ್ತಾರೆ.

ಇಬ್ಬರೂ ಸರಿ, ಕಾಲ ಬೇರೆ. ಫೈರ್‌ಫಾಕ್ಸ್ 2018ರಲ್ಲೇ, 59ನೇ ಆವೃತ್ತಿಯಿಂದ, ಟಿಹೆಡ್‌ಗೆ ಸ್ಟಿಕಿ ಒಪ್ಪಿಕೊಂಡಿತು. ಕ್ರೋಮ್‌ನಲ್ಲಿ ಮಾತ್ರ ಟೇಬಲ್ ಹಾಕುವ ಭಾಗವನ್ನು ಹೊಸದಾಗಿ ಬರೆದು 2021ರಲ್ಲಿ 91ನೇ ಆವೃತ್ತಿ ಬರುವವರೆಗೆ ಟಿಎಚ್‌ಗೆ ಹಾಕಿದರಷ್ಟೇ ಕೆಲಸ ಮಾಡುತ್ತಿತ್ತು. ಅದಕ್ಕೇ ಹಳೆಯ ಉತ್ತರಗಳಲ್ಲೆಲ್ಲ ಟಿಎಚ್ ಅಂತಲೇ ಇರುತ್ತದೆ. ಈಗ ಟಿಹೆಡ್‌ಗೆ ಹಾಕಿ, ಅದರಲ್ಲಿ ಎರಡು ಮೂರು ಸಾಲಿದ್ದರೂ ಒಟ್ಟಿಗೆ ಅಂಟುತ್ತವೆ.

ಹಳೇ ಕಂಪ್ಯೂಟರ್ ಇರೋ ಗಿರಾಕಿಗಳಿಗೆ ಕೆಲಸ ಮಾಡುತ್ತಾ?

ಬಹುತೇಕ ಮಾಡುತ್ತದೆ. ಸ್ಟಿಕಿ ಅನ್ನುವುದು ಫೈರ್‌ಫಾಕ್ಸಿಗೆ 2014ರಲ್ಲಿ, ಕ್ರೋಮ್‌ಗೆ 2017ರಲ್ಲಿ ಬಂತು. ಸಫಾರಿಯಲ್ಲಿ ಮೊದಲು ವೆಬ್‌ಕಿಟ್ ಅನ್ನುವ ಮುಂಗೂಡಿಕೆ ಬೇಕಿತ್ತು, 13ನೇ ಆವೃತ್ತಿಯಿಂದ ಬೇಡ. ಇಂಟರ್ನೆಟ್ ಎಕ್ಸ್‌ಪ್ಲೋರರ್‌ಗೆ ಯಾವತ್ತೂ ಬರಲೇ ಇಲ್ಲ, ಆದರೆ ಮೈಕ್ರೋಸಾಫ್ಟೇ 2022ರ ಜೂನ್ 15ರಂದು ಅದನ್ನು ನಿಲ್ಲಿಸಿತು. ಸ್ಟಿಕಿ ಗೊತ್ತಿಲ್ಲದ ಬ್ರೌಸರಿನಲ್ಲಿ ಟೇಬಲ್ ಕೆಡುವುದಿಲ್ಲ, ಮಾಮೂಲಿ ಟೇಬಲ್ಲಿನ ಹಾಗೆ ತಲೆಸಾಲು ಮೇಲೆ ಹೋಗುತ್ತದೆ ಅಷ್ಟೇ.

## ಹಾಕಿದೆ, ಆದರೆ ಸರಿ ಬರುತ್ತಿಲ್ಲ

ಎಲ್ಲಾ ಸರಿಯಾಗೇ ಬರ್ದಿದೀನಿ, ಆದ್ರೂ ಅಂಟ್ತಾ ಇಲ್ಲ. ತಲೆ ಕೆಟ್ಟುಹೋಗಿದೆ. ಯಾಕೆ?

ಹತ್ತು ಜನ ಕೇಳಿದರೆ ಎಂಟು ಜನ ಕೇಳುವುದು ಇದನ್ನೇ. ತಪ್ಪು ಸಾಮಾನ್ಯವಾಗಿ ನೀವು ಬರೆದ ಸಾಲಿನಲ್ಲಿ ಇರುವುದಿಲ್ಲ. ಟೇಬಲ್ಲಿನ ಹೊರಗೆ, ಮೂರು ನಾಲ್ಕು ಡಬ್ಬಿ ಮೇಲೆ, ಬೇರೆ ಯಾರೋ ಬೇರೆ ಯಾವುದೋ ಕಾರಣಕ್ಕೆ ಬರೆದ ಓವರ್‌ಫ್ಲೋ (ಡಬ್ಬಿಗೆ ಹಿಡಿಸದ್ದನ್ನು ಏನು ಮಾಡಬೇಕು ಅಂತ ಹೇಳುವ ಸಿಎಸ್‌ಎಸ್ ಗುಣ) ಅನ್ನುವ ಸಾಲಿನಲ್ಲಿ ಇರುತ್ತದೆ.

ಆಗುವುದು ಹೀಗೆ. ಸ್ಟಿಕಿ ಪರದೆಗೆ ಅಂಟುವುದಿಲ್ಲ, ತನಗೆ ಹತ್ತಿರದ ಸ್ಕ್ರಾಲ್ ಡಬ್ಬಿಗೆ ಅಂಟುತ್ತದೆ. ಓವರ್‌ಫ್ಲೋಗೆ ಆಟೋ, ಸ್ಕ್ರಾಲ್, ಹಿಡನ್ ಈ ಮೂರರಲ್ಲಿ ಯಾವುದನ್ನು ಕೊಟ್ಟರೂ ಆ ಡಬ್ಬಿ ಸ್ಕ್ರಾಲ್ ಡಬ್ಬಿ ಆಗಿಬಿಡುತ್ತದೆ. ಹಿಡನ್ ಕೂಡ! ಸ್ಕ್ರಾಲ್‌ಬಾರ್ ಕಾಣದಿದ್ದರೂ ಬ್ರೌಸರಿನ ಲೆಕ್ಕದಲ್ಲಿ ಅದು ಸ್ಕ್ರಾಲ್ ಆಗಬಲ್ಲ ಡಬ್ಬಿಯೇ. ನಿಮ್ಮ ತಲೆಸಾಲು ನಿಷ್ಠೆಯಿಂದ ಆ ಡಬ್ಬಿಯ ಮೇಲಂಚಿಗೆ ಅಂಟಿ ಕೂತಿರುತ್ತದೆ. ಆದರೆ ಆ ಡಬ್ಬಿಗೆ ಎತ್ತರದ ಮಿತಿ ಇಲ್ಲ, ಹಾಗಾಗಿ ಅದರೊಳಗೆ ಏನೂ ಸ್ಕ್ರಾಲ್ ಆಗುವುದಿಲ್ಲ. ಸ್ಕ್ರಾಲ್ ಆಗುತ್ತಿರುವುದು ಪುಟ. ಪುಟದ ಜೊತೆ ಡಬ್ಬಿ ಮೇಲೆ ಹೋಗುತ್ತದೆ, ಡಬ್ಬಿಯ ಜೊತೆ ತಲೆಸಾಲೂ ಹೋಗುತ್ತದೆ.

ಇನ್ನೂ ಒಂದು ಬಲೆ ಇದೆ. ಅಡ್ಡಕ್ಕೆ ಮಾತ್ರ ಸ್ಕ್ರಾಲ್ ಆಗಲಿ ಅಂತ ಓವರ್‌ಫ್ಲೋ-ಎಕ್ಸ್‌ಗೆ ಆಟೋ ಕೊಟ್ಟರೆ ಓವರ್‌ಫ್ಲೋ-ವೈ ಕೂಡ ತಾನಾಗಿಯೇ ಆಟೋ ಆಗುತ್ತದೆ. ಒಂದು ದಿಕ್ಕನ್ನು ಆಟೋ ಮಾಡಿ ಇನ್ನೊಂದನ್ನು ವಿಸಿಬಲ್ ಆಗಿ ಇಟ್ಟುಕೊಳ್ಳಲು ನಿಯಮ ಬಿಡುವುದಿಲ್ಲ. ಅಗಲದ ಟೇಬಲ್ ಇರುವವರೆಲ್ಲ ಇಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ. ಬಿಡಿಸಿಕೊಳ್ಳುವ ದಾರಿ ಕೆಳಗೆ ಅಗಲದ ಟೇಬಲ್ಲಿನ ಪ್ರಶ್ನೆಯಲ್ಲಿದೆ.

ಆ ಡಬ್ಬಿ ಯಾವುದು ಅಂತ ಪತ್ತೆ ಹಚ್ಚೋದು ಹೇಗೆ?

ಫೈರ್‌ಫಾಕ್ಸಿನ ಡೆವಲಪರ್ ಟೂಲ್ಸ್ ತೆರೆದು ನೋಡಿ, ಸ್ಕ್ರಾಲ್ ಆಗುವ ಅಂಶದ ಪಕ್ಕ ಸ್ಕ್ರಾಲ್ ಅನ್ನುವ ಪುಟ್ಟ ಗುರುತು ಇರುತ್ತದೆ. ಅದು ಸಾಲದಿದ್ದರೆ ಕನ್ಸೋಲಿನಲ್ಲಿ ಟೇಬಲ್ಲಿನಿಂದ ಶುರು ಮಾಡಿ ಪೇರೆಂಟ್‌ಎಲಿಮೆಂಟ್ ಹಿಡಿದು ಒಂದೊಂದೇ ಮೇಲೆ ಹತ್ತುತ್ತಾ, ಗೆಟ್‌ಕಂಪ್ಯೂಟೆಡ್‌ಸ್ಟೈಲ್‌ನಿಂದ ಪ್ರತಿಯೊಂದರ ಓವರ್‌ಫ್ಲೋ ಏನಿದೆ ಅಂತ ಬರೆಸಿ. ವಿಸಿಬಲ್ ಅಲ್ಲದ ಮೊದಲನೆಯದು ಸಿಕ್ಕಿದ ಕೂಡಲೇ ಅದನ್ನು ಸುಮ್ನೆ ಒಮ್ಮೆ ಆಫ್ ಮಾಡಿ ನೋಡಿ. ಅಂಟಿದರೆ ಕಾರಣ ಅದೇ.

ಪುಟದ ಎಲ್ಲಕ್ಕಿಂತ ಹೊರಗಿನ ಡಬ್ಬಿಗಳನ್ನೂ ಒಮ್ಮೆ ನೋಡಿ. ಎಚ್‌ಟಿಎಂಎಲ್ ಮತ್ತು ಬಾಡಿ ಎರಡಕ್ಕೂ ಓವರ್‌ಫ್ಲೋ-ಎಕ್ಸ್ ಹಿಡನ್ ಹಾಕುವ ಅಭ್ಯಾಸ ತುಂಬಾ ಜನಕ್ಕಿದೆ. ಬಾಡಿಗೆ ಮಾತ್ರ ಹಾಕಿದರೆ ಅದು ಪರದೆಗೆ ವರ್ಗವಾಗುತ್ತದೆ, ತೊಂದರೆ ಇಲ್ಲ. ಎರಡಕ್ಕೂ ಹಾಕಿದರೆ ಬಾಡಿಯೇ ಒಂದು ಸ್ಕ್ರಾಲ್ ಡಬ್ಬಿಯಾಗಿ ಸ್ಟಿಕಿ ಸತ್ತುಹೋಗುತ್ತದೆ.

ಟೇಬಲ್ ಮೂಲೆ ದುಂಡಗಿರಲಿ ಅಂತ ಓವರ್‌ಫ್ಲೋ ಹಿಡನ್ ಹಾಕಿದ್ದೆ. ಡಿಸೈನರ್ ಬಿಡಲ್ಲ. ಏನ್ ಮಾಡ್ಲಿ?

ಹಿಡನ್ ಬದಲು ಕ್ಲಿಪ್ ಹಾಕಿ. `ಓವರ್‌ಫ್ಲೋ: ಕ್ಲಿಪ್` ಅಂಚಿನಾಚೆಯದನ್ನು ಕತ್ತರಿಸುತ್ತದೆ, ಆದರೆ ಸ್ಕ್ರಾಲ್ ಡಬ್ಬಿ ಮಾಡುವುದಿಲ್ಲ. ಫೈರ್‌ಫಾಕ್ಸ್ 81, ಕ್ರೋಮ್ 90, ಸಫಾರಿ 16ರಿಂದ ಇದೆ. ಅದಕ್ಕಿಂತ ಹಳೆಯದಕ್ಕೆ ಬೇಕಿದ್ದರೆ ಹೊರಗಿನ ಡಬ್ಬಿಯ ಗೋಜು ಬಿಟ್ಟು ನಾಲ್ಕು ಮೂಲೆಯ ಕೋಣೆಗಳಿಗೆ ಮಾತ್ರ ಬಾರ್ಡರ್-ರೇಡಿಯಸ್ ಕೊಡಿ.

ಸ್ಕ್ರಾಲ್ ಮಾಡಿದ ಕೂಡ್ಲೇ ತಲೆಸಾಲಿನ ಗೆರೆ ಮಾಯ ಆಗುತ್ತೆ!

ಬಾರ್ಡರ್-ಕೊಲ್ಯಾಪ್ಸ್‌ಗೆ ಕೊಲ್ಯಾಪ್ಸ್ ಅಂತ ಇದ್ದರೆ ಗೆರೆಗಳು ಕೋಣೆಯದಲ್ಲ, ಇಡೀ ಟೇಬಲ್ಲಿನ ಹಂಚಿಕೆಯ ಆಸ್ತಿ. ಕೋಣೆ ಅಂಟಿ ನಿಂತಾಗ ಗೆರೆ ಟೇಬಲ್ಲಿನ ಜೊತೆ ಹೊರಟುಹೋಗುತ್ತದೆ. ಅದನ್ನು ಸೆಪರೇಟ್ ಮಾಡಿ, ಬಾರ್ಡರ್-ಸ್ಪೇಸಿಂಗ್ 0 ಮಾಡಿ, ಪ್ರತಿ ಕೋಣೆಗೆ ಕೆಳಗೆ ಮತ್ತು ಬಲಕ್ಕೆ ಮಾತ್ರ ಗೆರೆ ಕೊಡಿ, ಇಲ್ಲವಾದರೆ ಎರಡೆರಡು ಗೆರೆ ಬರುತ್ತದೆ. ಟಿಎಚ್‌ಗೆ ಒಳಮುಖದ ಬಾಕ್ಸ್-ಶ್ಯಾಡೋ ಕೊಟ್ಟು ಅದನ್ನೇ ಗೆರೆಯಂತೆ ಬಳಸುವವರೂ ಇದ್ದಾರೆ. ನನಗೆ ಮೊದಲನೆಯದೇ ಇಷ್ಟ, ಆರು ತಿಂಗಳಾದ ಮೇಲೆ ಓದಿದರೂ ಅರ್ಥವಾಗುತ್ತದೆ.

ಕೆಳಗಿನ ಅಂಕಿಗಳು ತಲೆಸಾಲಿನ ಒಳಗಿಂದ ತೂರಿ ಬರ್ತಾ ಇವೆ. ಚೆಕ್‌ಬಾಕ್ಸ್ ಅಂತೂ ಮೇಲೇ ಬಂದು ಕೂರುತ್ತೆ.

ಇವು ಎರಡು ಬೇರೆ ತೊಂದರೆ. ಅಂಕಿ ತೂರಿ ಕಾಣುತ್ತಿದ್ದರೆ ಹಿನ್ನೆಲೆ ಬಣ್ಣವಿಲ್ಲ, ಇಲ್ಲವೇ ಅರೆಪಾರದರ್ಶಕ ಬಣ್ಣವಿದೆ. ಗಟ್ಟಿ ಬಣ್ಣ ಕೊಡಿ. ಡಾರ್ಕ್ ಮೋಡ್ ಇದ್ದರೆ ಅದಕ್ಕೂ ಕೊಡಿ, ಇದನ್ನು ಮರೆಯುವವರು ಜಾಸ್ತಿ. ಚೆಕ್‌ಬಾಕ್ಸ್, ಬಟನ್ ಮೇಲೆ ಬರುತ್ತಿದ್ದರೆ ಅವುಗಳಿಗೆ ಪೊಸಿಷನ್ ರಿಲೇಟಿವ್ ಇದ್ದು, ಪುಟದಲ್ಲಿ ನಂತರ ಬಂದಿರುವುದರಿಂದ ಮೇಲೆ ಕೂರುತ್ತವೆ. ಟಿಹೆಡ್‌ಗೆ ಜೆಡ್-ಇಂಡೆಕ್ಸ್ (ಯಾವುದು ಮೇಲೆ ಕೂರಬೇಕು ಅಂತ ಹೇಳುವ ಅಂಕಿ) 1 ಅಥವಾ 2 ಸಾಕು.

ಜೆಡ್-ಇಂಡೆಕ್ಸ್ 9999 ಹಾಕಿದ್ದಕ್ಕೆ ಈಗ ಪಾಪ್‌ಅಪ್ ಮೇಲೂ ತಲೆಸಾಲೇ ಕಾಣ್ತಿದೆ.

ದೊಡ್ಡ ಅಂಕಿ ಹಾಕುತ್ತಾ ಹೋದರೆ ಪಾಪ್‌ಅಪ್ ಬರೆದವರು ಇನ್ನೊಂದು ಒಂಬತ್ತು ಸೇರಿಸುತ್ತಾರೆ, ಅದಕ್ಕೆ ಕೊನೆಯಿಲ್ಲ. ಟೇಬಲ್ಲನ್ನು ಸುತ್ತಿರುವ ಡಬ್ಬಿಗೆ `ಐಸೊಲೇಷನ್: ಐಸೊಲೇಟ್` ಹಾಕಿ. ಆಮೇಲೆ ಟೇಬಲ್ಲಿನ ಒಳಗಿನ ಜೆಡ್-ಇಂಡೆಕ್ಸ್ ಜಗಳ ಒಳಗೇ ಉಳಿಯುತ್ತದೆ.

ಸೈಟಿನ ಮೇಲ್ಪಟ್ಟಿ ಕೆಳಗೆ ತಲೆಸಾಲು ಹೋಗಿ ಅಡಗಿಕೊಳ್ತಿದೆ.

ಮೇಲ್ಪಟ್ಟಿಯೂ ಅಂಟುವಂಥದ್ದಾದರೆ ಎರಡೂ ಟಾಪ್ 0ಕ್ಕೇ ಬಂದು ನಿಲ್ಲುತ್ತವೆ. ಪಟ್ಟಿಯ ಎತ್ತರ 64 ಪಿಕ್ಸೆಲ್ ಇದ್ದರೆ ತಲೆಸಾಲಿನ ಟಾಪ್ ಕೂಡ 64 ಆಗಬೇಕು. ಆ ಅಂಕಿಯನ್ನು ಹತ್ತು ಕಡೆ ಬರೆಯದೆ ಒಂದು ಸಿಎಸ್‌ಎಸ್ ವೇರಿಯಬಲ್ಲಿನಲ್ಲಿಟ್ಟು ಎರಡೂ ಕಡೆ ಅದನ್ನೇ ಬಳಸಿ. ಪಟ್ಟಿಯ ಎತ್ತರ ಬದಲಾಗುತ್ತಾ ಇರುತ್ತದೆ ಅಂದರೆ ರಿಸೈಜ್‌ಅಬ್ಸರ್ವರ್‌ನಿಂದ ಅಳೆದು ಅದೇ ವೇರಿಯಬಲ್ಲಿಗೆ ತುಂಬಿ.

ತಲೆಸಾಲಿನ ಮೇಲೆ ಕೂದಲೆಳೆಯಷ್ಟು ಸಂದು, ಅದರಲ್ಲಿ ಅಂಕಿ ಓಡಾಡೋದು ಕಾಣುತ್ತೆ.

ಬ್ರೌಸರ್ ಜೂಮ್ 110, 125 ಹೀಗಿದ್ದಾಗ ಪಿಕ್ಸೆಲ್ ಪೂರ್ಣಾಂಕಕ್ಕೆ ಕೂರದೆ ಹೀಗಾಗುತ್ತದೆ. ಟಾಪ್‌ಗೆ 0 ಬದಲು ಮೈನಸ್ 1 ಪಿಕ್ಸೆಲ್ ಕೊಡಿ.

## ಇನ್ನೂ ಸ್ವಲ್ಪ ಆಳಕ್ಕೆ

ನಮ್ಮ ಟೇಬಲ್ಲಲ್ಲಿ 22 ಕಾಲಂ. ಅಡ್ಡಕ್ಕೂ ಸ್ಕ್ರಾಲ್ ಆಗ್ಬೇಕು, ಉದ್ದಕ್ಕೂ ಆಗ್ಬೇಕು, ತಲೆಸಾಲೂ ಅಂಟ್ಬೇಕು. ಆಗುತ್ತಾ?

ಆಗುತ್ತದೆ, ಆದರೆ ಒಂದು ಆಯ್ಕೆ ಮಾಡಿಕೊಳ್ಳಬೇಕು. ಅಡ್ಡ ಸ್ಕ್ರಾಲಿಗೆ ಡಬ್ಬಿ ಬೇಕೇ ಬೇಕು, ಡಬ್ಬಿ ಬಂದರೆ ತಲೆಸಾಲು ಅದಕ್ಕೇ ಅಂಟುತ್ತದೆ. ಹಾಗಾದರೆ ಉದ್ದದ ಸ್ಕ್ರಾಲನ್ನೂ ಅದೇ ಡಬ್ಬಿಗೆ ಕೊಟ್ಟುಬಿಡಿ:

`ಓವರ್‌ಫ್ಲೋ: ಆಟೋ; ಮ್ಯಾಕ್ಸ್-ಹೈಟ್: 70 ಡಿವಿಎಚ್;`

ಒಂದು ಡಿವಿಎಚ್ ಅಂದರೆ ಪರದೆಯ ಎತ್ತರದ ನೂರರಲ್ಲಿ ಒಂದು ಪಾಲು. ಈಗ ಟೇಬಲ್ ತನ್ನದೇ ಕಿಟಕಿಯೊಳಗೆ ಎರಡೂ ಕಡೆ ಓಡುತ್ತದೆ, ತಲೆಸಾಲು ಆ ಕಿಟಕಿಯ ಮೇಲಂಚಿಗೆ ನಿಲ್ಲುತ್ತದೆ. ಲೆಕ್ಕದ ಆ್ಯಪ್‌ಗಳಿಗೆ ಇದೇ ಒಳ್ಳೆಯದು ಅಂತ ನನ್ನ ಅನುಭವ. ಇನ್ನೊಂದು ಲಾಭವೂ ಇದೆ, ಅಡ್ಡ ಸ್ಕ್ರಾಲ್‌ಬಾರ್ ಪರದೆಯಲ್ಲೇ ಸಿಗುತ್ತದೆ, ಅದನ್ನು ಹುಡುಕಿಕೊಂಡು ಪುಟದ ತಳಕ್ಕೆ ಹೋಗಬೇಕಿಲ್ಲ.

ಇಡೀ ಪುಟವೇ ಸ್ಕ್ರಾಲ್ ಆಗಲಿ ಅಂತ ಹಠವಿದ್ದರೆ ತಲೆಸಾಲನ್ನು ಬೇರೆ ಡಬ್ಬಿಯಲ್ಲಿಟ್ಟು, ಅಡ್ಡ ಸ್ಕ್ರಾಲನ್ನು ಜಾವಾಸ್ಕ್ರಿಪ್ಟಿನಿಂದ ಹೊಂದಿಸಿ, ಅಗಲವನ್ನೂ ಕೈಯಾರೆ ಹೊಂದಿಸಬೇಕು. ಅದಕ್ಕಿಂತ 22 ಕಾಲಂ ಎಲ್ಲ ನಿಜಕ್ಕೂ ಬೇಕಾ ಅಂತ ಗಿರಾಕಿಯನ್ನು ಒಮ್ಮೆ ಕೇಳಿ ನೋಡುವುದು ಮೇಲು.

ಮೊದಲ ಕಾಲಂ ಕೂಡ ಎಡಕ್ಕೆ ಅಂಟ್ಬೇಕು. ಮೂಲೇಲಿ ಒಂದರ ಮೇಲೊಂದು ಬೀಳ್ತಿದೆ.

ಮುಂಬೈ ಲೋಕಲ್ ರೈಲಿನ ಸೆಂಟ್ರಲ್ ಲೈನಿನ ಟೈಮ್‌ಟೇಬಲ್ ನೆನಪಿಸಿಕೊಳ್ಳಿ. ಎಡಗಡೆ ಸ್ಟೇಷನ್ ಹೆಸರು, ಮೇಲೆ ಗಾಡಿಗಳ ಸಾಲು, ನಡುವೆ ಬರೀ ಗಂಟೆ ನಿಮಿಷ. ಘಾಟ್‌ಕೋಪರ್ ಅನ್ನುವ ಹೆಸರು ಕಾಣದಿದ್ದರೂ ಕಷ್ಟ, ಅದು ಸ್ಲೋ ಗಾಡಿಯೋ ಫಾಸ್ಟ್ ಗಾಡಿಯೋ ಅಂತ ಕಾಣದಿದ್ದರೂ ಕಷ್ಟ. ಎರಡೂ ಅಂಟಬೇಕು. ಮೊದಲ ಕಾಲಂನ ಕೋಣೆಗಳಿಗೆ ಸ್ಟಿಕಿ ಮತ್ತು ಲೆಫ್ಟ್ 0 ಕೊಡಿ. ಜೆಡ್-ಇಂಡೆಕ್ಸ್ ಹೀಗಿರಲಿ: ಎಡ ಕಾಲಂಗೆ 1, ಟಿಹೆಡ್‌ಗೆ 2. ಮೂಲೆಯ ಟಿಎಚ್‌ಗೂ ಸ್ಟಿಕಿ ಮತ್ತು ಲೆಫ್ಟ್ 0 ಕೊಟ್ಟು, ಟಿಹೆಡ್‌ನ ಒಳಗೆ ಅದು ಉಳಿದ ಟಿಎಚ್‌ಗಳಿಗಿಂತ ಮೇಲೆ ಬರುವಂತೆ 1 ಕೊಡಿ. ಮೂಲೆಗೆ ಬೇರೆಯಾಗಿ ಹೇಳದಿದ್ದರೆ ಅಡ್ಡ ಓಡಿಸಿದಾಗ ಬೇರೆ ಹೆಸರುಗಳು ಅದರ ಮೇಲೆ ಹಾದುಹೋಗುತ್ತವೆ.

ಅಂಟಿದ ಕಾಲಂ ತುಂಬಾ ಅಗಲ ಇರಬಾರದು. ಫೋನಿನಲ್ಲಿ ಅದೇ ಅರ್ಧ ಪರದೆ ತಿಂದರೆ ಉಳಿದದ್ದನ್ನು ನೋಡುವುದು ಎಲ್ಲಿ?

ತಲೆಬರಹ ಕನ್ನಡದಲ್ಲಿ ಹಾಕಿದ್ರೆ ಒತ್ತಕ್ಷರ ಅರ್ಧಕ್ಕೆ ಕತ್ತರಿಸಿ ಹೋಗುತ್ತೆ. ಇಂಗ್ಲಿಷಲ್ಲಿ ಸರಿ ಇರುತ್ತೆ.

ಈ ಪ್ರಶ್ನೆ ಕೇಳಿದಾಗ ನನಗೆ ಖುಷಿಯಾಯಿತು. ಗೋವಾದ ವಾಸ್ಕೋದಲ್ಲಿ ಕನ್ನಡದ ಕೆಲಸಗಾರರಿಗೆ ಹಾಜರಿ ಆ್ಯಪ್ ಮಾಡುತ್ತಿದ್ದ ಗೆಳೆಯ ಕೇಳಿದ್ದು. ಇಂಗ್ಲಿಷಿನ ಅಕ್ಷರ ಅಕ್ಕಪಕ್ಕ ಕೂರುತ್ತವೆ, ನಮ್ಮ ಒತ್ತು ಕೆಳಗಿಳಿಯುತ್ತದೆ. 'ಒಟ್ಟು ಮೊತ್ತ', 'ಶುಲ್ಕ', 'ಹಾಜರಾತಿ ಸಂಖ್ಯೆ' ಇವನ್ನೆಲ್ಲ ಇಂಗ್ಲಿಷಿಗೆ ಅಳೆದ ಬಿಗಿ ಸಾಲಿನಲ್ಲಿ ಕೂರಿಸಿ ಎತ್ತರ 32 ಪಿಕ್ಸೆಲ್ ಅಂತ ಕಟ್ಟಿಹಾಕಿ ಓವರ್‌ಫ್ಲೋ ಹಿಡನ್ ಹಾಕಿದರೆ ಒತ್ತು ಕತ್ತರಿಸುತ್ತದೆ. ಲೈನ್-ಹೈಟನ್ನು 1.5 ಅಥವಾ 1.6ಕ್ಕೆ ಏರಿಸಿ, ಎತ್ತರವನ್ನು ಕಟ್ಟಬೇಡಿ, ಪ್ಯಾಡಿಂಗ್ ಕೊಟ್ಟು ಬಿಡಿ.

ನಮ್ಮ ಪದಗಳು ಉದ್ದವೂ ಹೌದು. ಬ್ಯಾಲೆನ್ಸ್ ಅನ್ನುವ ಕಡೆ 'ಹಿಂದಿನ ತಿಂಗಳ ಬಾಕಿ' ಬಂದರೆ ಎರಡು ಸಾಲಾಗುತ್ತದೆ, ತಲೆಸಾಲು ದಪ್ಪವಾಗುತ್ತದೆ. ತಲೆಸಾಲಿನ ಎತ್ತರವನ್ನು ನಂಬಿ ಬೇರೆಲ್ಲಾದರೂ ಅಂಕಿ ಬರೆದಿದ್ದರೆ ಅದೆಲ್ಲ ತಪ್ಪುತ್ತದೆ. ಭಾಷೆ ಬದಲಿಸುವ ಆ್ಯಪ್ ಆದರೆ ಕನ್ನಡ, ಮರಾಠಿ ಎರಡರಲ್ಲೂ ಹಾಕಿ ನೋಡದೆ ಮುಗಿಯಿತು ಅನ್ನಬೇಡಿ.

ತಲೆಸಾಲಿನ ಕೆಳಗೆ ತಾರೀಖಿನ ಉಪತಲೆ ಕೂಡ ಅಂಟ್ಬೇಕು, ದಿನ ಬದಲಾದ್ರೆ ಅದೂ ಬದಲಾಗ್ಬೇಕು.

ಪ್ರತಿ ದಿನಕ್ಕೂ ಒಂದೊಂದು ಟಿಬಾಡಿ (ಸಾಲುಗಳ ಗುಂಪಿನ ಟ್ಯಾಗ್) ಮಾಡಿ, ಅದರ ಮೊದಲ ಸಾಲಿನಲ್ಲಿ ಪೂರ್ತಿ ಅಗಲದ ಟಿಎಚ್ ಇಡಿ. ಅದಕ್ಕೆ ಸ್ಟಿಕಿ ಹಾಕಿ ಟಾಪ್‌ಗೆ ಮುಖ್ಯ ತಲೆಸಾಲಿನ ಎತ್ತರ ಕೊಡಿ. ಗಟ್ಟಿ ಬಣ್ಣ ಇದ್ದರೆ ಹೊಸ ದಿನದ ಸಾಲು ಬಂದು ಹಳೆಯದನ್ನು ಮುಚ್ಚುತ್ತದೆ. ಎತ್ತರ ಅಳೆಯುವ ಕೆಲಸ ಇಲ್ಲಿ ತಪ್ಪುವುದಿಲ್ಲ.

ಫೋನ್ ಅಡ್ಡ ಹಿಡಿದ್ರೆ ಬರೀ ತಲೆಸಾಲೇ ಕಾಣುತ್ತೆ, ಅಂಕಿಗೆ ಜಾಗಾನೇ ಇಲ್ಲ.

ಎತ್ತರ ಕಡಿಮೆ ಇದ್ದಾಗ ಅಂಟಿಸಲೇಬೇಡಿ. ಸ್ಟಿಕಿಯನ್ನು `ಮಿನ್-ಹೈಟ್: 480 ಪಿಕ್ಸೆಲ್` ಅನ್ನುವ ಮೀಡಿಯಾ ಕ್ವೆರಿಯೊಳಗೆ (ಪರದೆ ಹೀಗಿದ್ದರೆ ಮಾತ್ರ ಅನ್ನುವ ಷರತ್ತು) ಇಡಿ. ಇದರಿಂದ ಜೂಮ್ ಮಾಡಿ ಓದುವ ಹಿರಿಯರಿಗೂ ಅನುಕೂಲ. 1280ಕ್ಕೆ 1024 ಪರದೆಯನ್ನು 400 ಶೇಕಡಾ ಜೂಮ್ ಮಾಡಿದರೆ ಬ್ರೌಸರಿಗೆ ಸಿಗುವುದು 320ಕ್ಕೆ 256 ಮಾತ್ರ, ಅದರಲ್ಲಿ ತಲೆಸಾಲು 90 ನುಂಗಿದರೆ ಓದುವುದೇನು? ಎತ್ತರ ಅಳೆಯುವಾಗ ವಿಎಚ್ ಬದಲು ಡಿವಿಎಚ್ ಬಳಸಿ. ಫೋನಿನ ಅಡ್ರೆಸ್ ಪಟ್ಟಿ ಬಂದು ಹೋದಂತೆ ಅದು ಹೊಂದಿಕೊಳ್ಳುತ್ತದೆ.

ಕಣ್ಣು ಕಾಣದವರಿಗೆ ಇದ್ರಿಂದ ಏನಾದ್ರೂ ತೊಂದ್ರೆ ಆಗುತ್ತಾ?

ನಿಜವಾದ ಟೇಬಲ್ ಬಳಸಿ ಸ್ಟಿಕಿ ಹಾಕಿದರೆ ಆಗುವುದಿಲ್ಲ. ಟಿಎಚ್‌ಗೆ ಸ್ಕೋಪ್ ಕಾಲ್ ಅಂತ ಕೊಟ್ಟಿದ್ದರೆ ಸ್ಕ್ರೀನ್ ರೀಡರ್ ಪ್ರತಿ ಅಂಕಿಯ ಜೊತೆ ಕಾಲಂ ಹೆಸರನ್ನೂ ಓದಿ ಹೇಳುತ್ತದೆ. ತಲೆಸಾಲನ್ನು ಬೇರೆ ಟೇಬಲ್ ಮಾಡಿದಾಗ ಆ ನಂಟು ಕಡಿದುಹೋಗುತ್ತದೆ. ನಾನು ಎರಡು ಟೇಬಲ್ ದಾರಿಯನ್ನು ಪೂರ್ತಿ ಬಿಟ್ಟದ್ದು ಇದಕ್ಕೇ. ಟಿಬಾಡಿಗೆ ಡಿಸ್‌ಪ್ಲೇ ಬ್ಲಾಕ್ ಹಾಕಿ ಅದನ್ನು ಮಾತ್ರ ಸ್ಕ್ರಾಲ್ ಮಾಡಿಸುವ ಹಳೆಯ ಉಪಾಯವೂ ಬೇಡ, ಅದರಿಂದ ಅಗಲವೂ ಕೆಡುತ್ತದೆ.

ಕೀಬೋರ್ಡ್ ಬಳಸುವವರ ತೊಂದರೆ ಬೇರೆ. ಶಿಫ್ಟ್ ಮತ್ತು ಟ್ಯಾಬ್ ಒತ್ತಿ ಮೇಲಕ್ಕೆ ಹೋಗುವಾಗ ಅವರು ನಿಂತ ಬಾಕ್ಸ್ ತಲೆಸಾಲಿನ ಕೆಳಗೆ ಅಡಗಬಹುದು. 2023ರ ಅಕ್ಟೋಬರ್‌ನಲ್ಲಿ ಬಂದ ಡಬ್ಲ್ಯೂಸಿಎಜಿ (ವೆಬ್ ಎಲ್ಲರಿಗೂ ಬಳಸಲು ಬರುವಂತಿರಲಿ ಅನ್ನುವ ನಿಯಮಾವಳಿ) 2.2ರಲ್ಲಿ ಇದಕ್ಕೆಂದೇ 2.4.11 ಅನ್ನುವ ನಿಯಮ ಸೇರಿಸಿದ್ದಾರೆ. ಸ್ಕ್ರಾಲ್ ಡಬ್ಬಿಗೆ ಸ್ಕ್ರಾಲ್-ಪ್ಯಾಡಿಂಗ್-ಟಾಪ್ ಅಂತ ತಲೆಸಾಲಿನ ಎತ್ತರ ಕೊಟ್ಟರೆ ಸರಿಹೋಗುತ್ತದೆ. ಡಬ್ಬಿಗೆ ಟ್ಯಾಬ್‌ಇಂಡೆಕ್ಸ್ 0, ರೋಲ್ ರೀಜನ್ ಮತ್ತು ಒಂದು ಹೆಸರನ್ನೂ ಕೊಡಿ, ಆಗ ಮೌಸ್ ಇಲ್ಲದೆ ಬಾಣದ ಕೀಲಿಯಿಂದಲೂ ಓಡಿಸಬಹುದು.

ಹತ್ತು ಸಾವಿರ ಸಾಲು ಇದೆ, ವರ್ಚುವಲ್ ಸ್ಕ್ರಾಲ್ ಹಾಕಿದೀವಿ. ಸ್ವಲ್ಪ ದೂರ ಅಂಟಿ ಆಮೇಲೆ ತಲೆಸಾಲು ಹೊರಟೇ ಹೋಗುತ್ತೆ.

ಸ್ಟಿಕಿ ತನ್ನನ್ನು ಹೊತ್ತ ಡಬ್ಬಿಯ ಎತ್ತರ ದಾಟಿ ಬರುವುದಿಲ್ಲ. ವರ್ಚುವಲ್ ಸ್ಕ್ರಾಲಿನಲ್ಲಿ ಕಾಣುವ ಮೂವತ್ತು ನಲವತ್ತು ಸಾಲು ಮಾತ್ರ ಪುಟದಲ್ಲಿರುತ್ತವೆ. ಟೇಬಲ್ಲಿನ ಎತ್ತರವೂ ಅಷ್ಟೇ ಇದ್ದರೆ ಅದು ಮುಗಿದಲ್ಲಿಗೆ ತಲೆಸಾಲಿನ ಸಂಬಂಧವೂ ಮುಗಿಯಿತು. ಮೇಲೆ ಒಂದು, ಕೆಳಗೆ ಒಂದು ಖಾಲಿ ಸಾಲು ಇಟ್ಟು, ಕಾಣದ ಸಾಲುಗಳ ಎತ್ತರವನ್ನೆಲ್ಲ ಅವಕ್ಕೆ ಕೊಡಿ. ಟೇಬಲ್ ಪೂರ್ತಿ ಎತ್ತರ ಉಳಿಸಿಕೊಳ್ಳುತ್ತದೆ, ತಲೆಸಾಲೂ ನಿಲ್ಲುತ್ತದೆ. ಸಾಲುಗಳು ಬಂದು ಹೋಗುವಾಗ ಕಾಲಂ ಅಗಲ ಕುಣಿಯದಿರಲಿ ಅಂತ `ಟೇಬಲ್-ಲೇಔಟ್: ಫಿಕ್ಸೆಡ್` ಹಾಕಿ ಅಗಲ ಗೊತ್ತು ಮಾಡಿ. ಟ್ಯಾನ್‌ಸ್ಟ್ಯಾಕ್ ಟೇಬಲ್ ಅನ್ನುವ ಲೈಬ್ರರಿ ಬಳಸುವವರಿಗೆ ಇದೆಲ್ಲ ಅವರದೇ ಕೆಲಸ, ಅದು ಪರದೆ ಮೇಲೆ ಏನನ್ನೂ ತಾನಾಗಿ ಬರೆಯುವುದಿಲ್ಲ. ಎಜಿ ಗ್ರಿಡ್ ಅನ್ನುವ ಇನ್ನೊಂದು ಲೈಬ್ರರಿ ತಲೆಸಾಲನ್ನು ಮೊದಲಿನಿಂದಲೂ ಪ್ರತ್ಯೇಕವಾಗಿ ಇಟ್ಟುಕೊಂಡಿರುತ್ತದೆ.

ನಮ್ಮಲ್ಲಿ ಹಳೇ ಜೆಕ್ವೆರಿ ಪ್ಲಗಿನ್ ಇದೆ, ಚೆನ್ನಾಗೇ ನಡೀತಿದೆ. ತೆಗೀಬೇಕಾ?

ಚೆನ್ನಾಗಿ ನಡೆಯುತ್ತಿದ್ದರೆ ಅವಸರವಿಲ್ಲ. ಫ್ಲೋಟ್‌ಟಿಹೆಡ್, ಡೇಟಾಟೇಬಲ್ಸಿನ ಫಿಕ್ಸೆಡ್‌ಹೆಡರ್ ಇವೆಲ್ಲ ಸ್ಟಿಕಿ ಇಲ್ಲದ ಕಾಲದಲ್ಲಿ ನಮ್ಮಂಥವರ ಕೈ ಹಿಡಿದವು. ಆದರೆ ಜೋರಾಗಿ ಸ್ಕ್ರಾಲ್ ಮಾಡಿದಾಗ ತಲೆಸಾಲು ನಡುಗುತ್ತಿದ್ದರೆ, ಸ್ಕ್ರಾಲ್ ಆದಮೇಲೆ ಸ್ಕ್ರಿಪ್ಟ್ ಓಡಿ ಅದನ್ನು ಜಾಗಕ್ಕೆ ಎಳೆಯುತ್ತಿದೆ ಅಂತ ಅರ್ಥ. ಸ್ಟಿಕಿಯನ್ನು ಸ್ಕ್ರಾಲಿನ ಜೊತೆಯಲ್ಲೇ ಬ್ರೌಸರ್ ನೋಡಿಕೊಳ್ಳುತ್ತದೆ. ಮುಂದಿನ ಸಲ ಆ ಪುಟ ಮುಟ್ಟಿದಾಗ ಬದಲಿಸಿ.

ಅಂಟಿದಾಗ ಮಾತ್ರ ನೆರಳು ಬರೋ ಹಾಗೆ ಮಾಡೋಕಾಗುತ್ತಾ?

ಟೇಬಲ್ಲಿನ ಸ್ವಲ್ಪ ಮೇಲೆ ಒಂದು ಪಿಕ್ಸೆಲ್ಲಿನ ಖಾಲಿ ಡಿವ್ ಇಟ್ಟು ಇಂಟರ್‌ಸೆಕ್ಷನ್‌ಅಬ್ಸರ್ವರ್‌ನಿಂದ ಅದನ್ನು ಗಮನಿಸಿ. ಅದು ಕಣ್ಮರೆಯಾದಾಗ ತಲೆಸಾಲು ಅಂಟಿದೆ ಅಂತ ಲೆಕ್ಕ, ಆಗ ಕ್ಲಾಸ್ ಸೇರಿಸಿ. ಕ್ರೋಮ್ 133ರಿಂದ ಇದನ್ನು ಸಿಎಸ್‌ಎಸ್‌ನಲ್ಲೇ ಸ್ಕ್ರಾಲ್-ಸ್ಟೇಟ್ ಕಂಟೇನರ್ ಕ್ವೆರಿಯಿಂದ ಕೇಳಬಹುದು.

ತಲೆಸಾಲಲ್ಲಿ ಫಿಲ್ಟರ್ ಮೆನು ಇದೆ, ತೆರೆದ್ರೆ ಡಬ್ಬಿ ಅಂಚಲ್ಲಿ ಕತ್ತರಿಸಿ ಹೋಗುತ್ತೆ.

ಡಬ್ಬಿಗೆ ಓವರ್‌ಫ್ಲೋ ಇರುವುದರಿಂದ ಅದು ಸಹಜ. ಮೆನುವಿಗೆ ಪಾಪ್‌ಓವರ್ ಅನ್ನುವ ಎಚ್‌ಟಿಎಂಎಲ್ ಗುಣ ಕೊಡಿ. ಕ್ರೋಮ್ 114, ಸಫಾರಿ 17, ಫೈರ್‌ಫಾಕ್ಸ್ 125ರಿಂದ ಇದೆ. ಮೆನು ಎಲ್ಲಕ್ಕಿಂತ ಮೇಲಿನ ಪದರಕ್ಕೆ ಹೋಗುತ್ತದೆ, ಯಾವ ಡಬ್ಬಿಯೂ ಅದನ್ನು ಕತ್ತರಿಸಲಾರದು. ಬಟನ್ನಿನ ಪಕ್ಕಕ್ಕೆ ತಂದು ಕೂರಿಸುವ ಲೆಕ್ಕ ಮಾತ್ರ ನೀವು ಮಾಡಬೇಕು.

ಪರದೆ ಮೇಲೆ ಚೆನ್ನಾಗಿದೆ, ಪ್ರಿಂಟ್ ತೆಗೆದ್ರೆ ಹದಿನೈದು ಸಾಲು ಮಾತ್ರ ಬರ್ತಿದೆ. ಸಭೆಗೆ ಕೊಡೋದು ಹೇಗೆ?

ಸೊಸೈಟಿಯ ವಾರ್ಷಿಕ ಸಭೆಗೆ ಈಗಲೂ ಕಾಗದವೇ ಬೇಕು, ಹಾಗಾಗಿ ಇದು ನನಗೆ ಚೆನ್ನಾಗಿ ಗೊತ್ತು. ಮ್ಯಾಕ್ಸ್-ಹೈಟ್ ಹಾಕಿದ ಡಬ್ಬಿ ಕಾಗದದ ಮೇಲೂ ಅಷ್ಟೇ ಎತ್ತರ ಇರುತ್ತದೆ, ಉಳಿದ ಸಾಲುಗಳು ಒಳಗೇ ಉಳಿಯುತ್ತವೆ. ಪ್ರಿಂಟಿನ ಮೀಡಿಯಾ ಕ್ವೆರಿಯಲ್ಲಿ ಡಬ್ಬಿಯ ಮ್ಯಾಕ್ಸ್-ಹೈಟನ್ನು ನನ್ ಮಾಡಿ, ಓವರ್‌ಫ್ಲೋವನ್ನು ವಿಸಿಬಲ್ ಮಾಡಿ, ಟಿಹೆಡ್‌ನ ಪೊಸಿಷನನ್ನು ಸ್ಟ್ಯಾಟಿಕ್ ಮಾಡಿ. ಟಿಹೆಡ್‌ನ ಡಿಸ್‌ಪ್ಲೇ ಗುಣವನ್ನು ನೀವು ಬದಲಿಸದಿದ್ದರೆ ಬ್ರೌಸರ್ ಪ್ರತಿ ಹಾಳೆಯ ಮೇಲೂ ತಲೆಸಾಲನ್ನು ತಾನೇ ಮತ್ತೆ ಬರೆಯುತ್ತದೆ. ಒಂದು ಸಾಲು ಎರಡು ಹಾಳೆಗೆ ಹರಿದು ಹೋಗದಿರಲಿ ಅಂತ ಟಿಆರ್‌ಗೆ `ಬ್ರೇಕ್-ಇನ್‌ಸೈಡ್: ಅವಾಯ್ಡ್` ಸೇರಿಸಿ. ಕಳೆದ ಸಭೆಗೆ ನಾನು ಹೀಗೇ ತೆಗೆದದ್ದು. ಮೂರನೇ ಹಾಳೆ ಸಿಕ್ಕಿದವರೂ ತಮ್ಮ ಪಾರ್ಕಿಂಗ್ ಯಾವುದು, ರಿಪೇರಿ ಫಂಡ್ ಯಾವುದು ಅಂತ ಬೆರಳಿಟ್ಟು ನೋಡಿಕೊಂಡರು.